ಹೈಡ್ರೋಸ್ ಬಿಟ್ಟ ಮೇಲೆ ಬೆಲ್ಲ ಗಟ್ಟಿ ನಿಲ್ಲುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮದೊಂದು ಸಣ್ಣ ಆಲೆಮನೆ ಇದೆ. ಈ ವರ್ಷದಿಂದ ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿಯಾಗಿಸಲು ಹಾಕುವ ಗಂಧಕದ ರಾಸಾಯನಿಕ ಪುಡಿ) ಪೂರ್ತಿ ಬಿಟ್ಟಿದ್ದೇವೆ. ಅದು ಬೆಲ್ಲಕ್ಕೆ ಹೊಂಬಣ್ಣ ಕೊಡುತ್ತದೆ ನಿಜ, ಆದರೆ ಗಂಧಕದ ಅಂಶ ಬೆಲ್ಲದಲ್ಲೇ ಉಳಿಯುತ್ತದೆ. ಮಕ್ಕಳು ತಿನ್ನುವ ಪದಾರ್ಥ, ಬೇಡ ಅನ್ನಿಸಿತು.

ಈಗ ಬೆಂಡೆಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿ, ಆ ಲೋಳೆಯನ್ನು ಕಾಯುತ್ತಿರುವ ಕಬ್ಬಿನ ಹಾಲಿಗೆ ಹಾಕುತ್ತೇವೆ. ಮಡ್ಡಿ ಚೆನ್ನಾಗಿ ಮೇಲೆ ಬರುತ್ತದೆ. ಬಣ್ಣ ಕಂದು, ಅದಕ್ಕೆ ಬೇಜಾರಿಲ್ಲ. ರುಚಿಯಂತೂ ತಾತನ ಕಾಲದ್ದೇ.

ತೊಂದರೆ ಏನಂದರೆ, ಅಚ್ಚು ನಾಲ್ಕೈದು ದಿನಕ್ಕೇ ಬೆವರಿ ಅಂಟಂಟಾಗುತ್ತದೆ. ಪಾಕವನ್ನು 118 ಡಿಗ್ರಿ ಸೆಲ್ಸಿಯಸ್‌ಗೆ ತಂದು ಇಳಿಸಿ ನೋಡಿದೆ. ಸುಣ್ಣದ ತಿಳಿ ಸ್ವಲ್ಪ ಜಾಸ್ತಿ ಹಾಕಿದೆ. ಗಟ್ಟಿಯಾಯಿತು, ಆದರೆ ತೀರಾ ಕಪ್ಪಾಯಿತು. ಕಡಿದ ಕಬ್ಬು ಗದ್ದೆಯಲ್ಲಿ ಬಿದ್ದರೆ ಸಕ್ಕರೆ ಒಡೆದು ಹೀಗಾಗುತ್ತದೆ ಅಂತ ಗೊತ್ತು. ಆದರೆ ಅದೇ ದಿನ ಅರೆದ ಕಬ್ಬಿನದ್ದೂ ಹೀಗೇ ಆಯಿತು! ಇಲ್ಲೇ ತಲೆ ಓಡುತ್ತಿಲ್ಲ.

ಕಬ್ಬಿನ ತಳಿ ಸಿಒ 62175, 11 ತಿಂಗಳಿಗೇ ಕಡಿದದ್ದು. ಯೂರಿಯಾ ಕೂಡ ಜಾಸ್ತಿಯೇ ಬಿದ್ದಿತ್ತು.

ಬೆಂಡೆ ಲೋಳೆಯಲ್ಲೇ ಬೆಲ್ಲ ಮಾಡುವವರು ದಯವಿಟ್ಟು ಹೇಳಿ: ಇದು ಎಳೆ ಕಬ್ಬಿನ ದೋಷವೋ, ಸುಣ್ಣದ ಅಳತೆಯದೋ? ಒಂದು ಕೊಪ್ಪರಿಗೆ ಹಾಲಿಗೆ ನೀವು ಸುಣ್ಣ ಎಷ್ಟು ಹಾಕುತ್ತೀರಿ, ಯಾವಾಗ ಹಾಕುತ್ತೀರಿ?