ಚಳಿಗೆ ಉಬ್ಬದ ಇಡ್ಲಿ ಹಿಟ್ಟು, ಹರಳುಗಟ್ಟುವ ಕಾಯಿಚಟ್ನಿ

ಪ್ರಶ್ನೆ (ಚಿಕ್ಕಮಗಳೂರಿನಿಂದ):
ಮೈಸೂರಿನಲ್ಲಿದ್ದಷ್ಟು ದಿನ ಇಡ್ಲಿಯ ಬಗ್ಗೆ ಯೋಚಿಸಬೇಕಾದ ಪ್ರಸಂಗವೇ ಬಂದಿರಲಿಲ್ಲ. ಇಲ್ಲಿಗೆ ಬಂದ ಮೇಲೆ, ಅದರಲ್ಲೂ ಡಿಸೆಂಬರ್ ಹಿಡಿದ ಮೇಲೆ, ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿರವೆಯ ಅದೇ ಅಳತೆಯಲ್ಲಿ ಕಲಸಿಟ್ಟ ಹಿಟ್ಟು ರಾತ್ರಿ ಪಾತ್ರೆಯಲ್ಲಿ ಎಷ್ಟಿತ್ತೋ ಬೆಳಿಗ್ಗೆಯೂ ಅಷ್ಟೇ ಇರುತ್ತದೆ. ಬೇಯಿಸಿದರೆ ಇಡ್ಲಿ ಚಪ್ಪಟೆಯಾಗಿ, ನಡುವೆ ಅಂಟಂಟಾಗಿ ಬರುತ್ತದೆ. ಕಾಯಿಚಟ್ನಿಯಲ್ಲಿಯೂ ಬಿಳಿಯ ಸಣ್ಣ ಹರಳುಗಳು ಕಾಣುತ್ತವೆ. ಬೆರಳಿನಿಂದ ಉಜ್ಜಿದರೆ ಬರೀ ಜಿಡ್ಡು. ಅಡುಗೆಸೋಡಾ ಹಾಕಲು ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1:
ನಿಮ್ಮ ಅಳತೆ ಸರಿಯಾಗಿಯೇ ಇದೆ. ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬೇಳೆಯ ಜೊತೆಗೇ ಬರುತ್ತದೆ. ಅದಕ್ಕೆ 30 ಡಿಗ್ರಿಯ ಆಸುಪಾಸಿನ ಬೆಚ್ಚನೆ ಜಾಗ ಸಿಗದಿದ್ದರೆ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಸಂಜೆ ಐದಕ್ಕೇ ರುಬ್ಬಿಬಿಡಿ. ದೊಡ್ಡ ಕುಕ್ಕರಿನಲ್ಲಿ ನೀರು ಕಾಯಿಸಿ, ಬೆರಳಿಟ್ಟರೆ ಹಿತವೆನಿಸುವಷ್ಟು ಆರಿದ ಮೇಲೆ ಹಿಟ್ಟಿನ ಪಾತ್ರೆಯನ್ನು ಅದರೊಳಗಿಳಿಸಿ, ಮುಚ್ಚಳ ಹಾಕಿ, ಹಳೆಯ ಕಂಬಳಿಯೊಂದನ್ನು ಸುತ್ತಿಡಿ. ಇನ್ನೊಂದು ಮಾತು: ಉದ್ದು ಸಾಕಷ್ಟು ನುರಿಯದಿದ್ದರೆ ಎಷ್ಟು ಬೆಚ್ಚಗಿಟ್ಟರೂ ಪ್ರಯೋಜನವಿಲ್ಲ. ರುಬ್ಬಿದ ಉದ್ದಿನ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು ನೋಡಿ. ತೇಲಿದರೆ ಸಾಕು, ಮುಳುಗಿದರೆ ಇನ್ನೂ ರುಬ್ಬಬೇಕು. ಉಪ್ಪನ್ನು ಬೆಳಿಗ್ಗೆ ಹಾಕಿ.

ಉತ್ತರ 2 (ಉಡುಪಿ ಕಡೆಯಿಂದ):
ಚಟ್ನಿಯ ಹರಳುಗಳಿಗೂ ಚಳಿಯೇ ಕಾರಣ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ, ತಣ್ಣೀರು ಹಾಕಿ ರುಬ್ಬಿದ ಕಾಯಿಯಲ್ಲಿ ಅದರ ಜಿಡ್ಡು ಬೇರೆಯಾಗಿ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಕಾಯಿತುರಿಯಾದರಂತೂ ಕೇಳುವುದೇ ಬೇಡ. ಮೊದಲು ಹುರಿಗಡಲೆ, ಹಸಿಮೆಣಸು, ಶುಂಠಿಯ ಚೂರು, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು ಇಷ್ಟನ್ನು ನುಣ್ಣಗೆ ಮಾಡಿಕೊಂಡು, ಆಮೇಲೆ ಕಾಯಿತುರಿ ಸೇರಿಸಿ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಬಿಟ್ಟುಬಿಟ್ಟು ತಿರುಗಿಸಿ. ಹುರಿಗಡಲೆ ಹೆಚ್ಚಾದರೆ ಚಟ್ನಿ ಹಿಟ್ಟುಹಿಟ್ಟಾಗುತ್ತದೆ; ಒಂದು ಬಟ್ಟಲು ಕಾಯಿಗೆ ಎರಡು ಚಮಚ ಧಾರಾಳವಾಯಿತು. ಒಗ್ಗರಣೆಯನ್ನು ಬಡಿಸುವ ಹೊತ್ತಿಗೆ ಹಾಕಿ.

ಉತ್ತರ 3:
ಉಪ್ಪಿನ ವಿಷಯದಲ್ಲಿ ಮೊದಲಿನವರ ಮಾತನ್ನು ಒಪ್ಪಲಾರೆ. ಬೆಳಿಗ್ಗೆ ಉಪ್ಪು ಹಾಕಿದರೆ ಕದಡಲೇಬೇಕಾಗುತ್ತದೆ, ಕದಡಿದರೆ ರಾತ್ರಿಯಿಡೀ ಕೂಡಿದ ಗಾಳಿಯೆಲ್ಲ ಹೊರಟುಹೋಗುತ್ತದೆ. ನಮ್ಮಲ್ಲಿ ರಾತ್ರಿಯೇ ಹಾಕಿ ಕೈಯಿಂದ ಕಲಸುತ್ತೇವೆ; ಉಬ್ಬಿದ ಹಿಟ್ಟನ್ನು ಮೇಲಿಂದ ಮೆಲ್ಲಗೆ ಬಗೆದು ತಟ್ಟೆಗೆ ಹಾಕುತ್ತೇವೆ. ಉದ್ದನ್ನು ಕಡೆಗಣಿಸಬೇಡಿ ಎಂಬುದಕ್ಕೆ ಮಾತ್ರ ನನ್ನ ಪೂರ್ಣ ಸಹಮತವಿದೆ. 1025ರ ಸುಮಾರಿನ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥದಲ್ಲಿ ಎರಡನೆಯ ಚಾವುಂಡರಾಯ ಹೇಳುವ ಇಡ್ಲಿಯಲ್ಲಿ ಅಕ್ಕಿಯೇ ಇಲ್ಲ. ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿದ ಉದ್ದಿಗೆ ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗನ್ನೂ ಸೇರಿಸಲಾಗುತ್ತಿತ್ತು. ಬೇಳೆ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಾಯಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕಂಬಳಿ ಸುತ್ತಿ, ಉಪ್ಪನ್ನು ರಾತ್ರಿಯೇ ಹಾಕಿದೆ. ಹದಿನಾಲ್ಕು ತಾಸಿನ ನಂತರ ನೋಡಿದರೆ ಹಿಟ್ಟು ಮುಚ್ಚಳವನ್ನು ಎತ್ತಿ ಕುಕ್ಕರಿನ ನೀರಿಗೂ ಇಳಿದಿತ್ತು. ಹನ್ನೆರಡು ನಿಮಿಷ ಬೇಯಿಸಿ, ಐದು ನಿಮಿಷ ಆರಲು ಬಿಟ್ಟು ತೆಗೆದ ಇಡ್ಲಿ ತಟ್ಟೆಗೆ ಅಂಟದೆ ಬಂದಿತು. ಮುಂದಿನ ಸಲ ದೊಡ್ಡ ಪಾತ್ರೆಯನ್ನೇ ಇಡುತ್ತೇನೆ.