ಕಾರಿನ ಚರ್ಮದ ಸೀಟುಗಳು ಬಣ್ಣಗೆಟ್ಟಿವೆ: ಕಂಡೀಷನರ್ ಸಾಕೇ, ಬಣ್ಣವನ್ನೇ ಕೊಡಬೇಕೇ?

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಸೆಡಾನ್ ಕಾರಿಗೆ ಹತ್ತು ವರ್ಷ ದಾಟಿದೆ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿರುವುದರಿಂದ ಮಾರುವ ಯೋಚನೆಯಿಲ್ಲ, ಆದರೆ ಬಿಸ್ಕತ್ತು ಬಣ್ಣದ ಚರ್ಮದ ಸೀಟುಗಳನ್ನು ನೋಡಿದರೆ ಬೇಸರವಾಗುತ್ತದೆ. ಚಾಲಕರ ಸೀಟಿನಲ್ಲಿ ಬಾಗಿಲ ಕಡೆಗೆ ಉಬ್ಬಿರುವ ಅಂಚು, ಹತ್ತಿ ಇಳಿಯುವಾಗ ತೊಡೆ ಉಜ್ಜಿ ಉಜ್ಜಿ ಬಣ್ಣ ಕಳೆದುಕೊಂಡು, ಒಳಗಿನ ಬೂದು ತೊಗಲು ಕಾಣುತ್ತಿದೆ. ಕೂರುವ ಭಾಗದಲ್ಲಿ ಕೂದಲೆಳೆಯಂಥ ಬಿರುಕುಗಳೆದ್ದಿವೆ. ಸೊಸೈಟಿಯಲ್ಲಿ ಮುಚ್ಚಿದ ಪಾರ್ಕಿಂಗ್ ಇಲ್ಲದ್ದರಿಂದ ಕಾರು ಬಿಸಿಲಿನಲ್ಲೇ ನಿಲ್ಲುತ್ತದೆ. ಹತ್ತಿರದ ಅಂಗಡಿಯೊಂದರಲ್ಲಿ ಯಾವುದೋ ದ್ರವ ಸವರಿ ಫಳಫಳ ಹೊಳೆಯುವಂತೆ ಮಾಡಿಕೊಟ್ಟರು. ಕೆಲವೇ ದಿನಗಳಲ್ಲಿ ಹೊಳಪು ಹೋಗಿ ಅಂಟು ಉಳಿಯಿತು, ಅದಕ್ಕೆ ಧೂಳು ಮೆತ್ತಿಕೊಂಡಿತು. ನಮ್ಮ ಯಜಮಾನರು ಸೀಟು ಕವರ್ ಹಾಕಿಸಿಬಿಡೋಣ ಎನ್ನುತ್ತಾರೆ, ನನಗೆ ಮನಸ್ಸಿಲ್ಲ. ಚರ್ಮವನ್ನು ಮೆತ್ತಗಿಡಲು ಸವರುವ ಒಳ್ಳೆಯ ಕಂಡೀಷನರ್ ಹಚ್ಚುತ್ತಾ ಬಂದರೆ ಬಣ್ಣ ಮರಳುತ್ತದೆಯೇ? ಇಲ್ಲವಾದರೆ ಬಣ್ಣ ಕೊಡುವುದು ಮನೆಯಲ್ಲೇ ಮಾಡಬಹುದಾದ ಕೆಲಸವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಪುಣೆ, ಕೋಥ್ರೂಡ್)

ಮೇಡಂ, ಕಂಡೀಷನರ್ ಎಷ್ಟೇ ಹಚ್ಚಿದರೂ ಹೋದ ಬಣ್ಣ ಬರುವುದಿಲ್ಲ. ಕಾರಿನ ಸೀಟಿಗೆ ಬಳಸುವ ಚರ್ಮದ ಮೇಲೆ ಬಹುಪಾಲು ಬಣ್ಣದ ಲೇಪವೂ, ಅದರ ಮೇಲೆ ಪಾಲಿಯುರೇಥೇನ್‌ನ ತೆಳುವಾದ ಪಾರದರ್ಶಕ ಪದರವೂ ಇರುತ್ತವೆ. ನೀವು ನೋಡುತ್ತಾ ಬಂದ ಬಿಸ್ಕತ್ತು ಬಣ್ಣ ಆ ಲೇಪದ್ದು. ಕ್ರೋಮಿಯಂ ಲವಣದಿಂದ ಹದ ಮಾಡಿದ ತೊಗಲು ನೀಲಿ ಬೆರೆತ ಬೂದು ಬಣ್ಣದ್ದಾಗಿರುತ್ತದೆ; ಅಂಚಿನಲ್ಲಿ ಈಗ ಹೊರಗೆ ಬಂದಿರುವುದು ಅದೇ ಇರಬೇಕು. ಲೇಪ ಗಟ್ಟಿಯಾಗಿರುವ ಕಡೆ ಕಂಡೀಷನರ್ ಒಳಗಿಳಿಯುವುದೂ ಅಷ್ಟಕ್ಕಷ್ಟೆ. ಒಂದು ಹನಿ ನೀರು ಬಿಟ್ಟು ನೋಡಿ: ಹನಿ ಹಾಗೆಯೇ ನಿಂತರೆ ಲೇಪ ಉಳಿದಿದೆ, ತೊಗಲು ಅದನ್ನು ಹೀರಿಕೊಂಡು ಅಲ್ಲಿ ಕಪ್ಪಾದರೆ ಲೇಪ ಸವೆದಿದೆ ಎಂದರ್ಥ.

ಮನೆಯಲ್ಲಿ ಖಂಡಿತ ಮಾಡಬಹುದು, ಆದರೆ ಇದರಲ್ಲಿ ಹೆಚ್ಚಿನ ಶ್ರಮ ಬಣ್ಣ ಹಚ್ಚುವುದಕ್ಕಲ್ಲ, ಸ್ವಚ್ಛ ಮಾಡುವುದಕ್ಕೇ ಹೋಗುತ್ತದೆ. ಅಂಗಡಿಯವರು ಸವರಿದ್ದು ಸಿಲಿಕೋನ್ ಇರುವ ದ್ರವವಾಗಿದ್ದರೆ, ಅದು ಪೂರ್ತಿ ಹೋಗುವ ತನಕ ಯಾವ ಬಣ್ಣವೂ ಹಿಡಿಯುವುದಿಲ್ಲ. ಚರ್ಮಕ್ಕೆಂದೇ ಮಾಡಿದ ಕ್ಲೀನರನ್ನು ಮೆತ್ತನೆಯ ಬ್ರಷ್‌ಗೆ ಹಾಕಿ, ನೊರೆ ಬರುವಂತೆ ಹಗುರವಾಗಿ ಉಜ್ಜಿ, ನೊರೆ ಕಂದಾದ ಕೂಡಲೇ ಒರೆಸಿ. ಬಟ್ಟೆ ಸೋಪಿನ ಕ್ಷಾರ ಚರ್ಮಕ್ಕೆ ಒಗ್ಗುವುದಿಲ್ಲ. ಒಣಗಿದ ಬಳಿಕ ಬಣ್ಣ ಕೊಡಬೇಕಾದ ಭಾಗವನ್ನಷ್ಟೇ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿಕೊಳ್ಳಿ. ಬಿರುಕಿನ ಎದ್ದ ಅಂಚುಗಳನ್ನು 600 ನಂಬರಿನ, ಆಮೇಲೆ 1000 ನಂಬರಿನ ಪಾಲಿಶ್ ಪೇಪರಿನಿಂದ ನಯಮಾಡಿ, ಬಿರುಕು ತುಂಬುವ ಫಿಲ್ಲರನ್ನು ತೀರಾ ತೆಳ್ಳಗೆ ಎಳೆದು, ಒಂದು ಪದರ ಒಣಗಿದ ಮೇಲೆ ಇನ್ನೊಂದು ಕೊಡಿ. ಒಮ್ಮೆಲೇ ದಪ್ಪಗೆ ತುಂಬಿದರೆ, ಕೂತಾಗ ಸೀಟು ಬಾಗುವಲ್ಲಿ ಮತ್ತೆ ಬಿರಿಯುತ್ತದೆ. ಆನಂತರ ನೀರು ಬೆರೆಸುವ ಜಾತಿಯ ಲೆದರ್ ಬಣ್ಣವನ್ನು ಸ್ಪಂಜಿನ ತುಂಡಿನಿಂದ ಒತ್ತಿ ಒತ್ತಿ ಹಚ್ಚಿ. ಮೊದಲ ಕೋಟು ತೇಪೆ ತೇಪೆಯಾಗಿ ಕಾಣುತ್ತದೆ, ಗಾಬರಿಯಾಗಬೇಡಿ, ಮೂರನೆಯದೋ ನಾಲ್ಕನೆಯದೋ ಹೊತ್ತಿಗೆ ಸಮನಾಗುತ್ತದೆ. ಕೊನೆಗೆ ಬಣ್ಣದ ಮೇಲೆ ರಕ್ಷಣೆಗೆ ಹಚ್ಚುವ ಪಾರದರ್ಶಕ ಟಾಪ್‌ಕೋಟ್ ತಪ್ಪಿಸಬಾರದು. ಅದಿಲ್ಲದೆ ಬಣ್ಣ ಬೇಗ ಸವೆದು ಬಟ್ಟೆಗೂ ಹತ್ತುತ್ತದೆ. ಹೊಳಪಿಲ್ಲದ ಮ್ಯಾಟ್ ಜಾತಿಯದನ್ನೇ ಆರಿಸಿ, ಇಲ್ಲದಿದ್ದರೆ ಹಚ್ಚಿದ ಭಾಗ ಎದ್ದು ಕಾಣುತ್ತದೆ.

ಉತ್ತರ (ಮಡಗಾಂವ್)

ಮೇಲಿನ ಮಾತುಗಳೆಲ್ಲ ಸರಿ. ನಾನು ಹೇಳಬೇಕಾದದ್ದು ಕಾಲದ ವಿಚಾರ. ಈ ಕರಾವಳಿಯ ಮಳೆಗಾಲದ ತೇವದಲ್ಲಿ ಇಂಥ ಬಣ್ಣ ಬೇಗ ಒಣಗುವುದಿಲ್ಲ, ಆದ್ದರಿಂದ ದಸರಾ ಕಳೆದು ಗಾಳಿ ಒಣಗಿದ ಮೇಲೆ ಕೈಹಾಕಿ. ಅಲ್ಲಿಯವರೆಗೆ ಸೀಟಿನ ಮೇಲೆ ಬಿಳಿ ಬೂಷ್ಟು ಕಂಡರೆ ಕಾರನ್ನು ಬಯಲಿಗೆ ತಂದು, ಬಾಗಿಲು ತೆರೆದಿಟ್ಟು ಒರೆಸಿ, ಗಾಳಿಯಾಡಿಸಿ. ಮನೆಯ ಹಿರಿಯರು ಯಾರಾದರೂ ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದರೆ ದಯವಿಟ್ಟು ಬೇಡವೆನ್ನಿ. ಲೇಪ ಹೋದ ತೊಗಲು ಎಣ್ಣೆ ಕುಡಿದು ಕಪ್ಪಾಗುತ್ತದೆ, ಆಮೇಲೆ ಅದರ ಮೇಲೆ ಬಣ್ಣ ನಿಲ್ಲಿಸುವುದು ಬಹಳ ಕಷ್ಟ.

ಉತ್ತರ (ಮುಂಬೈ, ಸಯನ್)

ಅಕ್ಕಾ, ಕವರ್ ಹಾಕಿಸುವ ಮುನ್ನ ಸೀಟಿನ ಬೆನ್ನಿನ ಹೊರ ಅಂಚಿನಲ್ಲಿ ಏರ್‌ಬ್ಯಾಗ್ ಎಂದು ಬರೆದ ಸಣ್ಣ ಪಟ್ಟಿ ಹೊಲಿದಿದೆಯೇ ನೋಡಿ. ಇದ್ದರೆ ಅಪಘಾತದ ಹೊತ್ತಿನಲ್ಲಿ ಒಳಗಿನ ಗಾಳಿಚೀಲ ಆ ಅಂಚಿನ ಹೊಲಿಗೆಯನ್ನೇ ಸೀಳಿಕೊಂಡು ಹೊರಬರಬೇಕು. ಸಿಕ್ಕಸಿಕ್ಕ ಕವರ್ ಅದನ್ನು ತಡೆಯಬಲ್ಲದು. ಇದೇ ಕಾರಣಕ್ಕೆ ಆ ಹೊಲಿಗೆಯ ಮೇಲೆ ಫಿಲ್ಲರಾಗಲೀ ಅಂಟಾಗಲೀ ತಾಗಬಾರದು. ಬಣ್ಣ ಹೊಂದಿಸಲು ತಲೆದಿಂಬನ್ನು ಕಳಚಿ ಅಂಗಡಿಗೆ ಒಯ್ಯಿರಿ, ಮೊಬೈಲ್ ಫೋಟೋ ನಂಬಬೇಡಿ. ಆದರೆ ತಲೆದಿಂಬಿನ ಅಡಿಭಾಗ ಬಿಸಿಲು ಕಾಣದ್ದು, ಸೀಟು ಬಿಸಿಲಿಗೆ ಮಾಸಿದ್ದು. ಅಂಚಿಗೆ ಮಾತ್ರ ಹಚ್ಚುವುದಾದರೆ ಮಾಸಿದ ಮುಂಭಾಗಕ್ಕೇ ಹೊಂದಿಸಿ, ಇಡೀ ಸೀಟಿಗಾದರೆ ಅಡಿಭಾಗಕ್ಕೆ. ಎಲ್ಲಾದರೂ ಚರ್ಮ ಹರಿದೇ ಹೋಗಿದ್ದರೆ ಬಣ್ಣದ ಆಸೆ ಬಿಟ್ಟು ಆ ತುಂಡನ್ನಷ್ಟೇ ಬದಲಿಸಿ ಹೊಲಿಸುವುದು ಮೇಲು. ಚರ್ಮಕ್ಕೆ ಧಾರಾವಿಯ ಅಂಗಡಿಗಳಿರುವಾಗ ನಮಗೆ ದೂರ ಹೋಗಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಏರ್‌ಬ್ಯಾಗ್ ಪಟ್ಟಿ ಇದೆ, ಯಜಮಾನರು ಕವರಿನ ಮಾತು ಬಿಟ್ಟಿದ್ದಾರೆ. ನೀರಿನ ಹನಿಯನ್ನು ಸವೆದ ಅಂಚು ತಕ್ಷಣ ಹೀರಿಕೊಂಡಿತು. ಆದರೆ ಸೀಟಿನ ಹಿಂಬದಿಯಲ್ಲಿ ಲೇಪ ಗೀಚಿಹೋಗಿರುವ ಕಡೆಯೂ ಹನಿ ಹಾಗೆಯೇ ನಿಂತಿದೆ, ಅದರ ಮಡಿಕೆಯೂ ಬೇರೆ ತರಹ ಕಾಣುತ್ತದೆ. ಏಕಿರಬಹುದು?

ಉತ್ತರ (ಪುಣೆ, ಕೋಥ್ರೂಡ್)

ಅದು ರೆಕ್ಸಿನ್ ಇರಬೇಕು, ಮೇಡಂ. ಎಷ್ಟೋ ಕಾರುಗಳಲ್ಲಿ ಮೈ ತಾಗುವ ಭಾಗಕ್ಕೆ ಮಾತ್ರ ನಿಜವಾದ ಚರ್ಮ ಹಾಕಿ, ಪಕ್ಕಕ್ಕೂ ಹಿಂಬದಿಗೂ ಅದೇ ಬಣ್ಣದ ಕೃತಕ ಚರ್ಮ ಹೊಲಿದಿರುತ್ತಾರೆ. ಅದಕ್ಕೆ ಕಂಡೀಷನರ್ ಖರ್ಚು ಮಾಡಬೇಡಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಣ್ಣ ಕೊಡುವುದೇ ಆದರೆ, ಡಬ್ಬಿಯ ಮೇಲೆ ವಿನೈಲ್‌ಗೂ (ಅಂದರೆ ಇಂಥ ಕೃತಕ ಚರ್ಮಕ್ಕೂ) ಆಗುತ್ತದೆ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ.