ಸಹಾಯ ಬೇಕು: ಹಳೇ ಎಂ35ಎ2 ಮಿಲಿಟರಿ ಟ್ರಕ್‌ನ ಏರ್ ಹಾರ್ನ್ ಕೂಗುತ್ತಿಲ್ಲ

ನಮಸ್ಕಾರ. ಇಲ್ಲಿ ಟೆಕ್ಸಾಸ್‌ನಲ್ಲಿ ನನ್ನ ಹತ್ತಿರ ಅಮೆರಿಕ ಸೇನೆಯಲ್ಲಿದ್ದ ಎಂ35ಎ2 ಇದೆ, ಎರಡೂವರೆ ಟನ್‌ನ ಟ್ರಕ್, ಮಲ್ಟಿಫ್ಯೂಯಲ್ (ಹಲವು ಬಗೆಯ ಇಂಧನದಲ್ಲಿ ಓಡುವ) ಎಂಜಿನ್. ಈಗ ಹಾರ್ನ್ ಕೈಕೊಟ್ಟಿದೆ. ಬಟನ್ ಒತ್ತಿದರೆ ಒಮ್ಮೊಮ್ಮೆ ಸುಮ್ನೆ ಗಾಳಿ ಹೋಗುವ ಸದ್ದು, ಒಮ್ಮೊಮ್ಮೆ ಅದೂ ಇಲ್ಲ.

ಗಾಳಿಯ ಒತ್ತಡದ ಗೇಜ್ 100 ಪಿಎಸ್‌ಐ ದಾಟುತ್ತದೆ, ಅದೇ ಗಾಳಿ ಬಳಸುವ ಬ್ರೇಕ್ ಕೂಡ ಚೆನ್ನಾಗಿ ಹಿಡಿಯುತ್ತದೆ, ಹಾಗಾಗಿ ಗಾಳಿ ತುಂಬುವ ಕಂಪ್ರೆಸರ್ ಮೇಲೆ ಅನುಮಾನ ಇಲ್ಲ. ಹಾರ್ನ್‌ಗೆ ಗಾಳಿ ಬಿಡುವ ವಿದ್ಯುತ್ ವಾಲ್ವ್, ಅಂದರೆ ಸೊಲೆನಾಯ್ಡ್‌ಗೆ 24 ವೋಲ್ಟ್ ಬರುತ್ತಿದೆ. ಇದರಲ್ಲಿ ಬಟನ್ ಕೊಡುವುದು ಅರ್ಥ್ (ಚಾಸಿಯ ಸಂಪರ್ಕ) ಮಾತ್ರ, ಅಲ್ವಾ, ಅದಕ್ಕೇ ಬಟನ್ ಕಡೆಯ ವೈರ್ ಬಿಚ್ಚಿ ಸೊಲೆನಾಯ್ಡ್‌ನ ಆ ತುದಿಯನ್ನು ನೇರ ಚಾಸಿಗೆ ಮುಟ್ಟಿಸಿ ನೋಡಿದೆ. ಪ್ರತಿ ಸಲವೂ ಕ್ಲಿಕ್ ಎನ್ನುತ್ತದೆ, ಗಾಳಿಯೂ ಜೋರಾಗಿ ಬರುತ್ತದೆ, ಕೂಗು ಮಾತ್ರ ಇಲ್ಲ. ಅಂದರೆ ತೊಂದರೆ ಎರಡು ಕಡೆ ಇದೆ: ಸ್ಟೀರಿಂಗ್ ಕಾಲಮ್ ಒಳಗಿನ ಬಟನ್ ಕಾಂಟ್ಯಾಕ್ಟ್, ಮತ್ತೆ ಹಾರ್ನ್‌ನ ಡಯಾಫ್ರಮ್ (ಗಾಳಿಗೆ ಅದುರಿ ಸದ್ದು ಮಾಡುವ ತಗಡು).

ಡಯಾಫ್ರಮ್‌ನ ಮುಚ್ಚಳದ ಸ್ಕ್ರೂಗಳು ತುಕ್ಕು ಹಿಡಿದು ಕೂತಿವೆ. ಮುರಿಯದೆ ಬಿಚ್ಚುವುದು ಹೇಗೆ? ಒಳಗಿನ ತಗಡಿನ ತುಕ್ಕನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬಹುದಾ, ಇಲ್ಲ ಬದಲಿಸಲೇಬೇಕಾ? ಸ್ಟೀರಿಂಗ್ ಚಕ್ರ ಕಳಚದೆ ಆ ಕಾಂಟ್ಯಾಕ್ಟ್ ಸ್ವಚ್ಛ ಮಾಡಿದವರು ಯಾರಾದರೂ ಇದ್ದೀರಾ? ಸಾಧಾರಣ ಎಲೆಕ್ಟ್ರಿಕ್ ಹಾರ್ನ್ ಹಾಕು ಎಂದು ಸುಮಾರು ಜನ ಹೇಳಿದರು. ನನಗೆ ಇದೇ ಹಾರ್ನ್ ಬೇಕು, ಇದರದೇ ದನಿ ಬೇಕು. ಗೊತ್ತಿದ್ದವರು ದಯವಿಟ್ಟು ಬರೆಯಿರಿ, ಫೋಟೋ ಬೇಕಿದ್ದರೆ ಹಾಕುತ್ತೇನೆ.